ಗಡಿ ತಾಲ್ಲೂಕುಗಳಲ್ಲಿ ಸೂಲಗಿತ್ತಿಯರು ಮತ್ತು ಹೆರಿಗೆ ಆರೈಕೆ: ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮುರು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಹೊಂದಿಕೊಂಡಿದ್ದು, ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿರುತ್ತವೆ. ನಾಯಕನಹಟ್ಟಿಯು ಚಳ್ಳಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾಗಿರುತ್ತದೆ. ಕನ್ನಡದೊಂದಿಗೆ ತೆಲುಗು ಸಹ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಕಾಡುಗೊಲ್ಲರ ಮತ್ತು ಮ್ಯಾಸನಾಯಕರ ಹಟ್ಟಿಗಳು ಊರುಗಳಿಂದ ದೂರವಾಗಿ ಚದುರಿಕೊಂಡಿವೆ. ಆಸ್ಪತ್ರೆಗಳಿಲ್ಲದ ಕಾಲದಲ್ಲಿ ಇಲ್ಲಿನ ಜನರ ಪಾಲಿಗೆ ವೈದ್ಯರೆಂದರೆ ನಾಟಿ ವೈದ್ಯರು ಮತ್ತು ಸೂಲಗಿತ್ತಿಯರೇ ಆಗಿದ್ದರು.

ಈ ಪರಂಪರೆಗೆ ದೇಶದ ಮನ್ನಣೆ ದೊರೆತದ್ದು ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರ ಮೂಲಕ. ಅಕ್ಷರ ಕಲಿಯದ ನರಸಮ್ಮನವರು ತಮ್ಮ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಸುಮಾರು 70 ವರ್ಷಗಳ ಕಾಲ ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ್ದರು. ತುಮಕೂರು ವಿಶ್ವವಿದ್ಯಾಲಯವು 2014ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನೂ, ಭಾರತ ಸರ್ಕಾರವು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ನೀಡಿ ಗೌರವಿಸಿದವು. ಅವರು 2018ರ ಡಿಸೆಂಬರ್ 25ರಂದು ನಿಧನರಾದರು.

ಸೂಲಗಿತ್ತಿಯರ ಅನುಭವವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎತ್ತ ಇದೆಯೆಂದು ತಿಳಿಯುವುದು, ಹೆದರಿದ ಚೊಚ್ಚಲ ಬಸುರಿಗೆ ಧೈರ್ಯ ತುಂಬುವುದು ಸಣ್ಣ ವಿದ್ಯೆಯಲ್ಲ. ಆದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಸೆಳವು, ಅಡ್ಡಲಾಗಿ ನಿಂತ ಮಗು ಇವುಗಳಿಗೆ ಔಷಧಿ, ರಕ್ತ ಹಾಗೂ ಶಸ್ತ್ರಚಿಕಿತ್ಸೆ ಬೇಕಾಗುತ್ತವೆ. ರಕ್ತಸ್ರಾವವು ಕೇವಲ ಎರಡು ಗಂಟೆಯೊಳಗೆ ತಾಯಿಯ ಪ್ರಾಣ ತೆಗೆಯಬಲ್ಲದು. ಮಾಸು ಬೀಳಲೆಂದು ಕಾಯುತ್ತಾ ಕಳೆದ ಸಮಯವೇ ಅನೇಕ ಬಾರಿ ಸಾವಿಗೆ ಕಾರಣವಾಗಿದೆ. ಹಿಂದೆ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಬೂದಿ ಅಥವಾ ಸಗಣಿ ಹಚ್ಚುತ್ತಿದ್ದುದರಿಂದ ಶಿಶುಗಳು ಧನುರ್ವಾಯುವಿಗೆ ತುತ್ತಾಗುತ್ತಿದ್ದವು. ಗರ್ಭಿಣಿಯರಿಗೆ ಚುಚ್ಚುಮದ್ದು, ದಾಯಿಗಳಿಗೆ ತರಬೇತಿ ಮತ್ತು ಆಸ್ಪತ್ರೆ ಹೆರಿಗೆಯ ಫಲವಾಗಿ ಭಾರತವು 2015ರಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿರ್ಮೂಲನ ಮಟ್ಟಕ್ಕೆ ಇಳಿಸಿತು.

ಕೆಲವು ಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಕಂಡುಬಂದಿರುತ್ತದೆ. ಚಳಿ, ಮಳೆ, ಹಾವು ಚೇಳುಗಳ ಭಯ ಒಂದೆಡೆಯಾದರೆ, ರಾತ್ರಿ ರಕ್ತ ಹೋಗತೊಡಗಿದರೆ ಕೂಗು ಕೇಳುವವರೂ ಇಲ್ಲದಿರುವುದು ಇನ್ನೂ ದೊಡ್ಡ ಅಪಾಯ. ಮೈಲಿಗೆಯ ಕಾರಣಕ್ಕೆ ಮಹಿಳೆಯರನ್ನು ಬಲವಂತವಾಗಿ ಹೊರಗಿಡುವುದು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರ ತಡೆ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಆದರೂ ಹಟ್ಟಿಯ ಹಿರಿಯರ ಮನವೊಲಿಸುವುದೇ ಹೆಚ್ಚು ಫಲಕಾರಿ. ಈ ಕೆಲಸಕ್ಕೆ ವಯಸ್ಸಾದ ಸೂಲಗಿತ್ತಿಯ ಮಾತಿನಷ್ಟು ತೂಕ ಬೇರೆಯವರ ಮಾತಿಗೆ ಇರುವುದಿಲ್ಲ. ಆಶಾ ಕಾರ್ಯಕರ್ತೆಯು ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಭೇಟಿ ನೀಡಬೇಕಿದ್ದು, ಬಾಣಂತಿ ಎಲ್ಲಿದ್ದರೂ ಈ ಭೇಟಿಗೆ ಅಡ್ಡಿಪಡಿಸಬಾರದು.

ಗಡಿಭಾಗದ ಇನ್ನೊಂದು ತೊಡಕು ತವರುಮನೆಯ ಹೆರಿಗೆ. ರಾಯದುರ್ಗ, ಕಲ್ಯಾಣದುರ್ಗ ಕಡೆಯಿಂದ ಬಂದ ಸೊಸೆಯರು ಚೊಚ್ಚಲಿಗೆ ತವರಿಗೆ ತೆರಳುವುದು ವಾಡಿಕೆ. ತಾಯಿ ಕಾರ್ಡನ್ನು ಇಲ್ಲಿಯೇ ಬಿಟ್ಟು ಹೋದಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ಪಡೆದ ಚುಚ್ಚುಮದ್ದು ಯಾವುದೂ ಅಲ್ಲಿನ ವೈದ್ಯರಿಗೆ ತಿಳಿಯುವುದಿಲ್ಲ. ಆದ್ದರಿಂದ ಕಾರ್ಡನ್ನು ತಪ್ಪದೆ ಜೊತೆಗೆ ಒಯ್ಯತಕ್ಕದ್ದು. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ರಕ್ತ ಮತ್ತು ವಾಹನ ಸೌಲಭ್ಯವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದ್ದು, ಇದು ನೆರೆ ರಾಜ್ಯಕ್ಕೂ ಅನ್ವಯಿಸುತ್ತದೆ.

108 ಆರೋಗ್ಯ ಕವಚ ಸೇವೆಯು ರಾಜ್ಯದಲ್ಲಿ 2008ರಿಂದ ಜಾರಿಯಲ್ಲಿದೆ. ಗೊಲ್ಲರಹಟ್ಟಿ ಎಂಬ ಹೆಸರಿನ ಜನವಸತಿಗಳು ಹಲವು ಇರುವುದರಿಂದ, ಕರೆ ಮಾಡುವವರು ಹಟ್ಟಿಯ ಹೆಸರಿನೊಂದಿಗೆ ಸಮೀಪದ ಗ್ರಾಮ, ಹೋಬಳಿ, ತಾಲ್ಲೂಕು ಮತ್ತು ಜಿಲ್ಲೆಯ ಹೆಸರನ್ನೂ ಸ್ಪಷ್ಟವಾಗಿ ತಿಳಿಸುವುದು.