ಮಲ್ಲೇಶ್ವರವೋ, ಬಸವನಗುಡಿಯೋ?

ಬೆಂಗಳೂರಿನ ಹಳಬರಲ್ಲಿ ಎಂದೂ ಇತ್ಯರ್ಥವಾಗದ ವ್ಯಾಜ್ಯವೊಂದುಂಟು: ವಾಸಕ್ಕೆ ಮಲ್ಲೇಶ್ವರ ಮೇಲೋ, ಬಸವನಗುಡಿ ಮೇಲೋ? ಮಲ್ಲೇಶ್ವರದವರು ಸಂಪಿಗೆ ರಸ್ತೆಯನ್ನೂ ಕಾಡುಮಲ್ಲೇಶ್ವರನ ಗುಡಿಯನ್ನೂ ಸಾಕ್ಷಿಗೆ ಕರೆಯುತ್ತಾರೆ. ಬಸವನಗುಡಿಯವರು ದೊಡ್ಡ ಬಸವಣ್ಣನನ್ನೂ ಕಹಳೆ ಬಂಡೆಯನ್ನೂ ಗಾಂಧಿ ಬಜಾರನ್ನೂ ಮುಂದಿಡುತ್ತಾರೆ. ದೋಸೆಯ ವಿಚಾರ ಬಂದರಂತೂ ಎರಡು ಪಕ್ಷದಲ್ಲಿಯೂ ರಾಜಿಗೆ ಒಪ್ಪುವವರಿಲ್ಲ. ಇಂದು ಈ ಎರಡು ಕಡೆಯೂ ನಿವೇಶನ ಕೊಳ್ಳುವುದು ಸಂಬಳಗಾರನ ಕೈಗೆ ಎಟುಕುವ ಮಾತಲ್ಲ; ಆದರೂ ವಾದ ನಿಂತಿಲ್ಲ. ಈ ವ್ಯಾಜ್ಯದಲ್ಲಿ ನಾನು ಯಾರ ಪರವಾಗಿಯೂ ವಕಾಲತ್ತು ಹಾಕುವವನಲ್ಲ. ಹಳೆಯ ಕಡತವನ್ನೊಮ್ಮೆ ಬಿಚ್ಚಿ ನೋಡೋಣವೆಂಬುದಷ್ಟೇ ನನ್ನ ಆಸೆ.

ದೇವರುಗಳ ಹಿರಿತನವನ್ನು ನೋಡಿದರೆ ಎರಡೂ ಸರಿಸಮ. ಮಲ್ಲಪುರದ ಮಲ್ಲಿಕಾರ್ಜುನನಿಗೆ ಶಿವಾಜಿಯ ಮಲತಮ್ಮನಾದ ಏಕೋಜಿಯು ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟನೆಂದು 1669ರ ಶಾಸನ ಹೇಳುತ್ತದೆ. ಇತ್ತ ಸುಂಕೇನಹಳ್ಳಿಯ ಬಸವಣ್ಣನ ಗುಡಿಯನ್ನು ಕೆಂಪೇಗೌಡರು ಕಟ್ಟಿಸಿದರೆಂಬುದು ಜನರ ನಂಬಿಕೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿ ಇಂದಿಗೂ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಆಗ ಇವೆರಡೂ ಬೆಂಗಳೂರಿನ ಭಾಗಗಳಲ್ಲ, ಊರಾಚೆಯ ಹಳ್ಳಿಗಳು. ದೇವರ ದರ್ಶನಕ್ಕೆ ಹೋಗಿ ಸಂಜೆಗೆ ಪೇಟೆಗೆ ಮರಳುವ ಜಾಗಗಳು.

ಊರೆಂದರೆ ಪೇಟೆಯೇ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ: ಮನೆಗೆ ಮನೆ ತಾಗಿದ ಬೀದಿಗಳು, ಕೆಳಗೆ ಅಂಗಡಿ, ಮೇಲೆ ಸಂಸಾರ, ಪಕ್ಕದಲ್ಲಿಯೇ ದವಸದ ಕೋಠಿ. ಈ ಇಕ್ಕಟ್ಟನ್ನು ಸಡಿಲಿಸಬೇಕೆಂದು ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, 1892ರಲ್ಲಿ, ಚಾಮರಾಜಪೇಟೆಯನ್ನು ಕಟ್ಟಲು ಹೊರಟರು. ಆದರೆ ತಲೆಮಾರುಗಳಿಂದ ಬಾಳಿದ ಮನೆಯನ್ನು, ಅಂಗಡಿಯ ನೆರೆಯನ್ನು ಬಿಟ್ಟು ಬಯಲಿಗೆ ಹೋಗಲು ಯಾರಿಗೆ ತಾನೆ ಮನಸ್ಸು ಬಂದೀತು? ಸರ್ಕಾರದ ಬುದ್ಧಿಮಾತಿನಿಂದ ಆಗದ ಕೆಲಸವನ್ನು ಇಲಿಗಳು ಮಾಡಿದುವು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಾದಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ದವಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ, ಚಿಗಟದ ಬೆನ್ನಿಗೆ ರೋಗ. ಈ ಸರಪಣಿಯನ್ನು ವೈದ್ಯರು ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಜನರಿಗೆ ಮಾತ್ರ ಒಂದು ಗುರುತು ತಿಳಿದಿತ್ತು: ‘ಇಲಿ ಬಿತ್ತು’ ಎಂದರೆ ಮನೆ ಬಿಡಬೇಕು. ಊರು ಬಿಟ್ಟವರು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ವಿ. ಪಿ. ಮಾಧವರಾಯರು ಪ್ಲೇಗಿನ ಕಮಿಷನರಾಗಿ ನೇಮಕಗೊಂಡರು. ಬೀದಿಯ ಮೂಲೆಗಳಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳೆದ್ದುವು.

ಮಲ್ಲೇಶ್ವರ, ಬಸವನಗುಡಿಗಳು ಮೈದುಂಬಿಕೊಂಡದ್ದು ಈ ಭಯದ ಬೆನ್ನಿಗೆ. ಎರಡೂ ಒಂದೇ ಗರಡಿಯ ಮಕ್ಕಳು: ನೇರವಾದ ಅಗಲ ರಸ್ತೆಗಳು, ಗಾಳಿ ಬೆಳಕಿಗೆ ಎಡೆಯಿರುವ ನಿವೇಶನಗಳು, ಮನೆಯ ಸುತ್ತ ಬಿಟ್ಟ ಜಾಗ. ಹಾಗಾದರೆ ಆರಿಸಿಕೊಳ್ಳುವವನು ಏನು ನೋಡಿ ಆರಿಸಬೇಕು? ಪೇಟೆಯ ತೆಂಕಣ ಅಂಚಿನ ವ್ಯಾಪಾರಿಗೆ ಬಸವನಗುಡಿ ನಡೆದು ಹೋಗುವಷ್ಟು ಹತ್ತಿರ. ಮಲ್ಲೇಶ್ವರದ ಪಕ್ಕದಲ್ಲಿ ತುಮಕೂರಿನ ರೈಲು ದಾರಿಯಿತ್ತು. ಹೆಸರಘಟ್ಟದ ನೀರು ಊರಿಗೆ ಬರುತ್ತಿದ್ದುದೂ ಆ ಕಡೆಯಿಂದಲೇ. ಆದರೆ ಇವೆಲ್ಲಕ್ಕಿಂತ ಮಿಗಿಲಾದ ಲೆಕ್ಕವೊಂದಿತ್ತು: ಪಕ್ಕದ ಮನೆಯವರು ಯಾರು? ಮಲ್ಲೇಶ್ವರದ ನಿವೇಶನಗಳನ್ನಂತೂ ಜಾತಿಮತಗಳ ಮೇರೆಗೆ ವಿಂಗಡಿಸಿಯೇ ಇಟ್ಟಿದ್ದರು. ರೋಗಕ್ಕಿಲ್ಲದ ಜಾತಿಭೇದ ರೋಗಕ್ಕೆ ಹೆದರಿ ಕಟ್ಟಿದ ಬಡಾವಣೆಯಲ್ಲಿ ಉಳಿಯಿತು.

ಎರಡರಲ್ಲಿಯೂ ಇದ್ದ ಇನ್ನೊಂದು ಏರ್ಪಾಡನ್ನು ಹೊಗಳುವವರು ಅಪರೂಪ. ಅದು ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿ. ಮುಂಬಾಗಿಲಲ್ಲಿ ರಂಗವಲ್ಲಿ, ಸಂಪಿಗೆಯ ಮರ. ಹಿಂಬಾಗಿಲಲ್ಲಿ ಮಲದ ಬಕೇಟು ಹೊರುವ ಮನುಷ್ಯ ನುಸುಳಿ ಹೋಗಲು ಒಂದು ಸಂದಿ. ಬಡಾವಣೆಯ ನೈರ್ಮಲ್ಯ ನಿಂತಿದ್ದದ್ದು ಆತನ ತಲೆಯ ಮೇಲೆ. ಆ ಹೊರೆಯನ್ನು ಇಳಿಸಲು ಕರ್ನಾಟಕದಲ್ಲಿ 1970ರ ದಶಕ ಬರಬೇಕಾಯಿತು, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ‘ಮಲ್ಲೇಶ್ವರವೋ ಬಸವನಗುಡಿಯೋ’ ಎಂದು ಆ ಮನುಷ್ಯನನ್ನು ಯಾರೂ ಕೇಳಲಿಲ್ಲ. ದವಸದ ಮೂಟೆ ಹೊತ್ತು ಪೇಟೆಯಲ್ಲಿಯೇ ಉಳಿದ ಕೂಲಿಯವನನ್ನೂ ಕೇಳಲಿಲ್ಲ. ಆರಿಸುವ ಭಾಗ್ಯವಿದ್ದದ್ದು ನಿವೇಶನದ ಹಣ ಕಟ್ಟಬಲ್ಲ ವಕೀಲರಿಗೆ, ಅಧಿಕಾರಿಗಳಿಗೆ, ವರ್ತಕರಿಗೆ.

ಆ ಬಳಿಕ ಎರಡೂ ತಮ್ಮ ತಮ್ಮ ಕೀರ್ತಿಯನ್ನು ಗಳಿಸಿದುವು. ಮಲ್ಲೇಶ್ವರದ ಆಚೆ 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟು ಸ್ಥಾಪನೆಯಾಯಿತು. ಅದರ ನಿರ್ದೇಶಕರಾಗಿ 1933ರಲ್ಲಿ ಬಂದ ಸಿ. ವಿ. ರಾಮನ್ನರು ಮಲ್ಲೇಶ್ವರದಲ್ಲಿ ಮನೆ ಮಾಡಿದರು. ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1945ರಲ್ಲಿ ಡಿ. ವಿ. ಗುಂಡಪ್ಪನವರ ಗೋಖಲೆ ಸಂಸ್ಥೆ ನೆಲೆಗೊಂಡುವು. ಇವು ನಿಜವಾದ ಹೆಮ್ಮೆಗಳು. ಅವುಗಳಿಗೆ ನಾನೂ ಕೈಮುಗಿಯುತ್ತೇನೆ. ಒಳ್ಳೆಯ ಗಾಳಿ, ಶಾಂತವಾದ ಬೀದಿ, ಒಂದು ವಾಚನಾಲಯ ಇವಿಷ್ಟು ಮನುಷ್ಯನಿಗೆ ದೊರೆತರೆ ಏನೇನು ಹುಟ್ಟಬಹುದೆಂಬುದಕ್ಕೆ ಇವು ನಿದರ್ಶನ. ಇವಿಷ್ಟೂ ಎಲ್ಲರಿಗೂ ದೊರೆತಿದ್ದರೆ? ವ್ಯಾಜ್ಯದಲ್ಲಿ ಯಾರೂ ಎತ್ತದ ಪ್ರಶ್ನೆ ಅದು.

2017ರ ಜೂನಿನಿಂದ ಈ ಎರಡು ಬಡಾವಣೆಗಳನ್ನು ಒಂದೇ ಮೆಟ್ರೋ ರೈಲು ಕೂಡಿಸಿದೆ. ಸಂಪಿಗೆ ರಸ್ತೆಯಲ್ಲಿ ಹತ್ತಿದವನು ನಾಲ್ಕನೆಯ ನಿಲ್ದಾಣವಾದ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬಹುದು. ನಡುವಿನ ದಾರಿ ನೆಲದ ಅಡಿಯಲ್ಲಿದೆ. ಅದು ಹಾಯುವುದು ಚಿಕ್ಕಪೇಟೆಯ ಕೆಳಗೆ, ಮಾರುಕಟ್ಟೆಯ ಕೆಳಗೆ. ಮೇಲೆ ಅದೇ ಇಕ್ಕಟ್ಟಿನ ಓಣಿಗಳು, ಅದೇ ಮೂಟೆ ಹೊರುವ ಬೆನ್ನುಗಳು. ಯಾವ ಬಡಾವಣೆ ಮೇಲೆಂದು ವಾದಿಸುತ್ತ ಕುಳಿತ ಪ್ರಯಾಣಿಕರಿಗೆ ಅದಾವುದೂ ಕಾಣುವುದಿಲ್ಲ.