ಆಳುವವರ ಆತ್ಮಪರೀಕ್ಷೆ

ಅಧಿಕಾರದಲ್ಲಿರುವವನು ತನ್ನ ಆಡಳಿತವು ಫಲಿಸಿತೋ ಇಲ್ಲವೋ ಎಂಬುದನ್ನು ಅರಿಯುವ ಬಗೆ ಯಾವುದು? ಕೈಕೆಳಗಿನವರ ವರದಿಯಿಂದ ಎಂಬ ಉತ್ತರವು ಸುಲಭವಾದುದು. ಆದರೆ ವರದಿಯನ್ನು ಬರೆಯುವವನ ಏಳಿಗೆಯು ಅದನ್ನು ಓದುವವನ ಕೈಯಲ್ಲಿರುತ್ತದೆ. ಪ್ರಜೆಗಳ ತುಷ್ಟಿ ಅತುಷ್ಟಿಗಳನ್ನು ಗೂಢಚಾರರ ಮೂಲಕ ತಿಳಿಯಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದನು. ಮೈಸೂರಿನ ದಿವಾನರಾದ ರಂಗಾಚಾರ್ಲು ಅವರು ಪ್ರಜೆಗಳನ್ನೇ ಎದುರಿಗೆ ಕರೆಯಿಸಿ ಕೇಳಿದರು.

1881ರ ಮಾರ್ಚಿಯಲ್ಲಿ ಸಂಸ್ಥಾನವು ಬ್ರಿಟಿಷರಿಂದ ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ, 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದ ಗಾಯವು ಇನ್ನೂ ಮಾಯ್ದಿರಲಿಲ್ಲ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿಗಳ ಸಾಲವಿತ್ತು. ಜೀವನದಿಯಿಲ್ಲದೆ ಕೆರೆಗಳನ್ನೇ ನಂಬಿದ್ದ ಕೋಲಾರ ಸೀಮೆಯು ಬಹಳವಾಗಿ ನೊಂದಿತ್ತು.

ಆ ವರ್ಷದ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಮೈಸೂರಿನಲ್ಲಿ ಸೇರಿತು. ಜಿಲ್ಲೆಗಳಿಂದ ಬಂದ ಭೂಮಾಲೀಕರೂ ವರ್ತಕರೂ ಸೇರಿ 144 ಮಂದಿ. ದಿವಾನರು ಆಡಳಿತದ ವಿವರವನ್ನು ಅವರ ಮುಂದಿಟ್ಟು, ಅವರ ಅಹವಾಲುಗಳನ್ನು ಆಲಿಸಿದರು.

ಸಭೆಗೆ ಶಾಸನಾಧಿಕಾರವಿರಲಿಲ್ಲ, ಸದಸ್ಯರು ಚುನಾಯಿತರಾಗಿರಲಿಲ್ಲ, ಕೂಲಿಯವನಿಗೆ ಅಲ್ಲಿ ಸ್ಥಾನವಿರಲಿಲ್ಲ. ಈ ಕೊರತೆಗಳು ಅಲ್ಪವಲ್ಲ. ಆದರೂ ಅದರ ಮೂಲತತ್ತ್ವವು ದೃಢವಾದುದು. ಮುಳಬಾಗಿಲಿನಲ್ಲಿಯೋ ಮಾಲೂರಿನಲ್ಲಿಯೋ ಒಂದು ಕೆರೆ ದುರಸ್ತಿಯಾದರೆ, ವೆಚ್ಚವಾದ ಹಣವು ಕಚೇರಿಯ ಲೆಕ್ಕದಲ್ಲಿ ಕಾಣುತ್ತದೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂಬುದನ್ನು ಆ ಗದ್ದೆಯ ರೈತನೇ ಹೇಳಬೇಕು.

ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡರು; ಸಭೆಯು ನಿಲ್ಲಲಿಲ್ಲ. 1891ರಲ್ಲಿ ಚುನಾವಣೆಯ ಕ್ರಮವು ಬಂದಿತು. 1923ರಲ್ಲಿ ಶಾಸನದ ಆಧಾರವೂ ದೊರೆಯಿತು. 1949ರಲ್ಲಿ ಅದು ವಿಸರ್ಜಿತವಾಯಿತು. ತಮ್ಮನ್ನು ಪ್ರಶ್ನಿಸುವ ಸಭೆಯೊಂದನ್ನು ತಾವೇ ಸ್ಥಾಪಿಸಿದುದು ಆ ದಿವಾನರ ಹಿರಿಮೆ.

ಆ ತತ್ತ್ವದ ಅಗತ್ಯವು ತೀರಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯವು 2018ರಲ್ಲಿ ಆರಂಭವಾಯಿತು. ಬತ್ತಿದ ಕೆರೆಗಳಲ್ಲಿ ನೀರು ನಿಂತುದು ಸಣ್ಣ ಸಾಧನೆಯಲ್ಲ. ಆದರೆ ಆ ನೀರಿನ ಶುದ್ಧಿಯನ್ನು ಕುರಿತು ಜನರು ಸಂದೇಹಗಳನ್ನು ಎತ್ತಿದ್ದಾರೆ. ತುಂಬಿದ ಕೆರೆಗಳ ಎಣಿಕೆಯು ಸುಲಭ. ಶ್ರೀನಿವಾಸಪುರದ ಮಾವಿನ ತೋಪಿನವನೂ ಕೋಲಾರದ ತರಕಾರಿ ಬೆಳೆಗಾರನೂ ತಮ್ಮ ಬಾವಿಯ ನೀರನ್ನು ಕುರಿತು ಏನು ಹೇಳುತ್ತಾರೆಂಬುದನ್ನು ಆ ಎಣಿಕೆಯ ಪಕ್ಕದಲ್ಲಿಯೇ ಬರೆದುಕೊಂಡಾಗ ಮಾತ್ರ ಲೆಕ್ಕವು ಪೂರ್ಣವಾಗುತ್ತದೆ.