ಕಾಯ್ದೆಯ ಹಳಿ, ಮಮತೆಯ ಹಳಿ: ಸಸೆಕ್ಸ್‌ನ ಬ್ಲೂಬೆಲ್ ರೈಲು ಮಾರ್ಗದ ಮರುಜೀವ

ಮುಚ್ಚಿಹೋದ ರೈಲು ಮಾರ್ಗಗಳಲ್ಲಿ ಮತ್ತೆ ಹೊಗೆಬಂಡಿ ಓಡಿದ ಕಥೆಗಳಲ್ಲಿ ಸಾಮಾನ್ಯವಾಗಿ ಇಂಜಿನ್ನೇ ನಾಯಕ. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಬ್ಲೂಬೆಲ್ ಮಾರ್ಗದ ಚರಿತ್ರೆಯನ್ನು ಕಾಲಕ್ರಮದಲ್ಲಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಲ್ಲಿ ಮೊದಲು ಎದ್ದದ್ದು ಊರವರ ದಿನನಿತ್ಯದ ಓಡಾಟದ ಪ್ರಶ್ನೆ. ಉಗಿಯ ಮೇಲಿನ ಮಮತೆ ಮುಂದೆ ಬಂದದ್ದು ಆ ಹೋರಾಟ ಸೋತ ಮೇಲೆ.

ಲೂಯಿಸ್ ಮತ್ತು ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣಗಳ ನಡುವಣ ಈ ಮಾರ್ಗಕ್ಕೆ ಬ್ರಿಟಿಷ್ ಸಂಸತ್ತು 1877ರಲ್ಲಿ ಒಪ್ಪಿಗೆ ಕೊಟ್ಟಿತು. ಯೋಜನೆಯ ಹಿಂದಿದ್ದ ಸ್ಥಳೀಯ ಜಮೀನ್ದಾರರಲ್ಲಿ ಮೂರನೆಯ ಅರ್ಲ್ ಆಫ್ ಶೆಫೀಲ್ಡ್ ಪ್ರಮುಖ. ಆಸ್ಟ್ರೇಲಿಯಾದ ಶೆಫೀಲ್ಡ್ ಶೀಲ್ಡ್ ಕ್ರಿಕೆಟ್ ಪಂದ್ಯಾವಳಿಗೆ ಹೆಸರು ಬಂದದ್ದೂ ಇದೇ ಪ್ರಭುವಿನಿಂದ. ಗಾಡಿಗಳ ಓಡಾಟ ಶುರುವಾದದ್ದು 1882ರ ಆಗಸ್ಟ್ 1ರಂದು. ಕೆಲವು ಹೆಸರಿಸಿದ ನಿಲ್ದಾಣಗಳಲ್ಲಿ ದಿನಕ್ಕೆ ನಾಲ್ಕು ಪ್ರಯಾಣಿಕ ಗಾಡಿಗಳು ನಿಲ್ಲಲೇಬೇಕು ಎಂಬ ಕಲಮು ಕಾಯ್ದೆಯಲ್ಲಿತ್ತು. ಮುಕ್ಕಾಲು ಶತಮಾನ ಅದು ಯಾರ ಗಮನಕ್ಕೂ ಬಾರದೆ ಉಳಿಯಿತು.

ನಷ್ಟದ ಕಾರಣ ಮುಂದಿಟ್ಟು ಬ್ರಿಟಿಷ್ ರೈಲ್ವೇಸ್ 1955ರ ಜೂನ್‌ನಲ್ಲಿ ಮಾರ್ಗವನ್ನು ಮುಚ್ಚಲು ಹೊರಟಿತ್ತು. ರೈಲ್ವೆ ನೌಕರರ ಮುಷ್ಕರದಿಂದಾಗಿ ಮೇ ಕೊನೆಗೇ ಸಂಚಾರ ನಿಂತುಹೋಯಿತು. ಆಗ ಚೇಲಿ ಗ್ರಾಮದ ಮ್ಯಾಜ್ ಬೆಸೆಮರ್ ಹಳೆಯ ಕಾಯ್ದೆಯನ್ನು ಹುಡುಕಿ ಓದಿದರು. ನಾಲ್ಕು ಗಾಡಿಗಳ ಕಲಮು ಇನ್ನೂ ಜೀವಂತವಾಗಿತ್ತು. ಸಂಸತ್ತು ಬರೆದದ್ದನ್ನು ಅಳಿಸುವ ಅಧಿಕಾರ ರೈಲ್ವೆಗೆ ಇರಲಿಲ್ಲ. ಹೀಗೆ 1956ರ ಆಗಸ್ಟ್ 7ರಂದು ಸಂಚಾರ ಮತ್ತೆ ಆರಂಭಿಸಲೇಬೇಕಾಯಿತು. ಆದರೆ ರೈಲ್ವೆ ಕಾಯ್ದೆಯ ಅಕ್ಷರಕ್ಕಷ್ಟೇ ವಿಧೇಯವಾಗಿತ್ತು. ಹೆಸರಿಸದ ಬಾರ್ಕಮ್ ಮತ್ತು ಕಿಂಗ್ಸ್‌ಕೋಟ್ ನಿಲ್ದಾಣಗಳಲ್ಲಿ ಗಾಡಿ ನಿಲ್ಲದೆ ಸಾಗುತ್ತಿತ್ತು. ಊರವರು ಇದನ್ನು ಮುನಿಸಿಕೊಂಡವರ ಸೇವೆ ಎಂದೇ ಕರೆದರು. ಮರುವರ್ಷದ ಸಾರ್ವಜನಿಕ ವಿಚಾರಣೆಯಲ್ಲಿ ರೈಲ್ವೆ ಆಡಳಿತ ಟೀಕೆಗೆ ಗುರಿಯಾಯಿತು. ಕೊನೆಗೆ ಸಂಸತ್ತೇ ಆ ಕಲಮನ್ನು ರದ್ದುಮಾಡಿದ್ದರಿಂದ 1958ರ ಮಾರ್ಚ್‌ನಲ್ಲಿ ಮಾರ್ಗ ಎರಡನೆಯ ಬಾರಿ ಮುಚ್ಚಿತು.

ಈ ಹತ್ತೊಂಬತ್ತು ತಿಂಗಳ ಸೇವೆಯನ್ನು ವಿಫಲ ಪ್ರಯತ್ನವೆಂದು ಬದಿಗೆ ಸರಿಸುವುದು ಸರಿಯಲ್ಲ. ವಿವಾದ ನಡೆಯುತ್ತಿದ್ದಷ್ಟು ಕಾಲ ಹಳಿ ಕೀಳುವ ಪ್ರಶ್ನೆಯೇ ಬರಲಿಲ್ಲ, ಮಾರ್ಗದ ಹೆಸರೂ ಜನರ ನೆನಪಿನಿಂದ ಜಾರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಈ ಬಿಡುವೇ ಅವಕಾಶ ಮಾಡಿಕೊಟ್ಟಿತೆಂದು ನನ್ನ ತಿಳಿವಳಿಕೆ.

1959ರ ಮಾರ್ಚ್ 15ರಂದು ಹೇವರ್ಡ್ಸ್ ಹೀತ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಸಭೆ ಕರೆದರು. ಅವರಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲವಾದ್ದರಿಂದ ಅಧ್ಯಕ್ಷತೆ ವಹಿಸಿದವರು ಬರ್ನಾರ್ಡ್ ಹೋಲ್ಡನ್ ಎಂಬ ರೈಲ್ವೆ ನೌಕರ. ಅವರು ಹುಟ್ಟಿದ್ದು ಇದೇ ಮಾರ್ಗದ ಬಾರ್ಕಮ್ ನಿಲ್ದಾಣದ ಮನೆಯಲ್ಲಿ. ಈ ತರುಣರ ಮೊದಲ ಗುರಿ ಹಳೆಯ ಇಂಜಿನ್‌ಗಳ ಪ್ರದರ್ಶನವಾಗಿರಲಿಲ್ಲ. ಡೀಸೆಲ್ ರೈಲ್‌ಕಾರ್ ತಂದು, ಇಡೀ ಮಾರ್ಗದಲ್ಲಿ ಊರವರಿಗಾಗಿ ದಿನವೂ ಓಡಿಸಬೇಕೆಂಬುದು ಅವರ ಯೋಚನೆ. ಅದಕ್ಕೆ ಬೇಕಾದಷ್ಟು ಬೆಂಬಲ ಸಿಗಲಿಲ್ಲ. ಆಗ ಶೆಫೀಲ್ಡ್ ಪಾರ್ಕ್‌ನಿಂದ ಹಾರ್ಸ್ಟೆಡ್ ಕೇನ್ಸ್ ಹತ್ತಿರದವರೆಗಿನ ತುಂಡನ್ನಷ್ಟೇ ಗುತ್ತಿಗೆಗೆ ಪಡೆದು, ಸಂಬಳವಿಲ್ಲದ ಸ್ವಯಂಸೇವಕರಿಂದ ಉಗಿಗಾಡಿ ನಡೆಸುವ ದಾರಿ ಹಿಡಿದರು.

1875ರಲ್ಲಿ ತಯಾರಾದ, ವಿಲಿಯಂ ಸ್ಟ್ರೌಡ್ಲಿ ವಿನ್ಯಾಸದ ಪುಟ್ಟ ‘ಸ್ಟೆಪ್ನಿ’ ಇಂಜಿನ್ 1960ರ ಮೇ ತಿಂಗಳಲ್ಲಿ ಬಂತು. ಅದೇ ವರ್ಷ ಆಗಸ್ಟ್ 7ರಂದು, ಅಂದರೆ ಕಾಯ್ದೆಯ ಗಾಡಿ ಮರಳಿದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಕ್ಕೆ, ಸ್ವಯಂಸೇವಕರ ಗಾಡಿ ಹೊರಟಿತು. ಹಾರ್ಸ್ಟೆಡ್ ಕೇನ್ಸ್ ನಿಲ್ದಾಣ ಇನ್ನೂ ಬ್ರಿಟಿಷ್ ರೈಲ್ವೇಸ್‌ನ ವಿದ್ಯುತ್ ರೈಲುಗಳ ಬಳಕೆಯಲ್ಲಿತ್ತು. ಗಾಡಿ ಅದರ ಹೊರಗೇ ನಿಲ್ಲಬೇಕಿತ್ತು. ಅಲ್ಲಿ ಇಂಜಿನ್ನನ್ನು ಬಿಚ್ಚಿ ಮತ್ತೊಂದು ತುದಿಗೆ ತರಲು ಜೋಡುಹಳಿ ಇರಲಿಲ್ಲ. ಅದಕ್ಕೇ ಗಾಡಿಯ ಎರಡೂ ತುದಿಗೆ ಒಂದೊಂದು ಇಂಜಿನ್ ಕಟ್ಟಿದರು. ಲೀಡ್ಸ್‌ನ ಮಿಡ್ಲ್‌ಟನ್ ಮಾರ್ಗದ ಸ್ವಯಂಸೇವಕರು ಇದಕ್ಕೆ ಕೆಲವೇ ವಾರ ಮೊದಲು ಡೀಸೆಲ್ ಇಂಜಿನ್ ಕಟ್ಟಿ ಒಂದು ವಾರ ಪ್ರಯಾಣಿಕರ ಗಾಡಿ ಓಡಿಸಿದ್ದರು. ಆದ್ದರಿಂದ ಬ್ಲೂಬೆಲ್‌ಗೆ ಸಲ್ಲುವ ಅಗ್ರಸ್ಥಾನ ಸಾಮಾನ್ಯ ಅಗಲದ (ಸ್ಟ್ಯಾಂಡರ್ಡ್ ಗೇಜ್) ಹಳಿಯ ಮೇಲೆ ಸ್ವಯಂಸೇವಕರು ನಡೆಸಿದ ಉಗಿಗಾಡಿಯ ಪ್ರಯಾಣಿಕ ಸೇವೆಯದು.

ಸ್ವಯಂಸೇವಕರ ಸಂಸ್ಥೆ 1968ರಲ್ಲಿ ಮಾರ್ಗವನ್ನು ಕೊಂಡುಕೊಂಡಿತು. ಉತ್ತರಕ್ಕೆ ಹಳಿ ಕಿತ್ತುಹೋಗಿತ್ತು. ಇಂಬರ್‌ಹಾರ್ನ್ ಬಳಿ ಗುಡ್ಡ ಕಡಿದು ಮಾಡಿದ್ದ ದಾರಿಯನ್ನು ಮನೆಗಳ ಕಸದಿಂದ ತುಂಬಿಬಿಟ್ಟಿದ್ದರು. 1994ರಲ್ಲಿ ಸುರಂಗ ದಾಟಿ ಕಿಂಗ್ಸ್‌ಕೋಟ್‌ಗೆ ಗಾಡಿ ಬಂತು. ಕಾಯ್ದೆ ಮರೆತಿದ್ದ ನಿಲ್ದಾಣವನ್ನು ಮಮತೆ ಮರೆಯಲಿಲ್ಲ. ಕಸವನ್ನು ತೋಡಿ ರೈಲಿನಲ್ಲೇ ಸಾಗಿಸಿದ ಮೇಲೆ, 2013ರ ಮಾರ್ಚ್ 23ರಂದು ಹಳಿ ಈಸ್ಟ್ ಗ್ರಿನ್‌ಸ್ಟೆಡ್ ಮುಟ್ಟಿತು. ಶೆಫೀಲ್ಡ್ ಪಾರ್ಕ್‌ನಿಂದ ಅಲ್ಲಿಗೆ ಹನ್ನೊಂದು ಮೈಲಿ. ಹೋಲ್ಡನ್ ಅದಕ್ಕೆ ಐದು ತಿಂಗಳ ಹಿಂದೆ, 104ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಮಾರ್ಗದ ದಕ್ಷಿಣದ ತುಂಡು ಮಾತ್ರ ಮರಳಿಲ್ಲ. ಶೆಫೀಲ್ಡ್ ಪಾರ್ಕ್‌ನಿಂದ ಮುಂದಿನದು ನ್ಯೂಯಿಕ್ ಮತ್ತು ಚೇಲಿ ನಿಲ್ದಾಣ, ಬೆಸೆಮರ್ ಹೋರಾಡಿದ್ದು ಆ ಕಡೆಯಿಂದ; ಆ ಜಾಗದಲ್ಲಿ ಈಗ ಮನೆಗಳಿವೆ. ಅದರಾಚೆಯದು ಹೋಲ್ಡನ್ ಹುಟ್ಟಿದ ಬಾರ್ಕಮ್.